ಅಂಗಾತ ಈಜುವ ಮೀನು

ಮನೆಯ ಅಕ್ವೇರಿಯಂಗೆ ಆಫ್ರಿಕಾದ ಕ್ಯಾಟ್‌ಫಿಶ್ ಯಾವುದು ತರಲಿ ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ ಹೆಸರು: ಸಿನೊಡಾಂಟಿಸ್ ನೈಗ್ರಿವೆಂಟ್ರಿಸ್. ಕಾಂಗೋ ನದಿಯ ಮೀನು. ಬೆಳೆದರೂ 10 ಸೆಂಟಿಮೀಟರ್ ದಾಟುವುದು ಅಪರೂಪ. ಇದು ಅಂಗಾತ ಈಜುತ್ತದೆ! ಮೊದಲ ಸಲ ನೋಡಿದವರು ಮೀನು ಸತ್ತೇಹೋಯಿತೆಂದು ಗಾಬರಿಯಾಗುತ್ತಾರೆ. ಎಲೆಯ ಅಡಿಗಿರುವ ಪಾಚಿ, ನೀರಿನ ಮೇಲೆ ಬಿದ್ದ ಹುಳು ತಿನ್ನಲು ಆ ಭಂಗಿಯೇ ಅನುಕೂಲ. ಬಹುತೇಕ ಮೀನುಗಳಿಗೆ ಬೆನ್ನು ಕಪ್ಪು, ಹೊಟ್ಟೆ ತಿಳಿ; ಇದಕ್ಕೆ ಹೊಟ್ಟೆಯೇ ಕಪ್ಪು. ಮೇಲಿಂದ ಹೊಂಚುವ ಹಕ್ಕಿಗೆ ಕಾಣುವುದು ಹೊಟ್ಟೆ ತಾನೇ? ಪ್ರಾಚೀನ ಈಜಿಪ್ಟಿನ ಗೋರಿಚಿತ್ರಗಳಲ್ಲೂ ಇದರ ನೈಲ್ ನದಿಯ ದಾಯಾದಿ ಹೀಗೇ ಮಗುಚಿಕೊಂಡು ಈಜುತ್ತಿದೆ. ಅದನ್ನು ಗಮನಿಸಿ ಬಿಡಿಸಿದ ಕಲಾವಿದನ ಕಣ್ಣಿಗೆ ಶರಣು.

ಒಂಟಿಯಾಗಿ ತರಬೇಡಿ, ನಾಲ್ಕೈದಾದರೂ ಜೊತೆಗಿರಲಿ. ಹಗಲು ಅಡಗಲು ಮರದ ಬೇರು, ಕೆಳಗೆ ನುಣ್ಣನೆಯ ಮರಳು ಬೇಕು. ದೀಪ ಆರಿಸಿದ ಮೇಲೆ ಆಹಾರ ಹಾಕಿ. ಬಲೆಯಲ್ಲಿ ಹಿಡಿದರೆ ರೆಕ್ಕೆಯ ಮುಳ್ಳು ಸಿಕ್ಕಿಕೊಳ್ಳುತ್ತದೆ. ಡಬ್ಬಿಯಲ್ಲಿ ನೀರಿನ ಸಮೇತ ಎತ್ತಿ.

ಅಂಗಡಿಯಲ್ಲಿ ‘ಆಫ್ರಿಕನ್ ಕ್ಯಾಟ್‌ಫಿಶ್’ ಎಂದು ಕ್ಲೇರಿಯಸ್ ಗ್ಯಾರಿಪೈನಸ್ ಮರಿ ತೋರಿಸಿದರೆ ಮಾತ್ರ ಖಂಡಿತ ಬೇಡ. ಅದು ಮೀಟರಿಗೂ ಮೀರಿ ಬೆಳೆಯಬಲ್ಲ ಬೇಟೆಗಾರ; ಭಾರತದಲ್ಲಿ ಅದರ ಸಾಕಣೆಗೆ ನಿಷೇಧವಿದೆ. ತೊಟ್ಟಿ ಸಾಲದಾದಾಗ ಜನ ಕೆರೆಗೆ ಬಿಟ್ಟುಬಿಡುತ್ತಾರೆ. ಗಾಳಿಯನ್ನೂ ಉಸಿರಾಡುವ ಆ ಮೀನು ಕೊಳಕು ನೀರಲ್ಲೂ ಬದುಕಿ, ನಮ್ಮ ಕೆರೆಯ ಸಣ್ಣ ಮೀನು, ಕಪ್ಪೆಗಳನ್ನೆಲ್ಲ ನುಂಗುತ್ತದೆ.