ತೋಳಮ್ಮ ಹೇಳಿದ ಮಾತು

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯಲ್ಲಿ ಒಂದು ಜಗಳವಾಯಿತು. ಜಗಳ ನನ್ನ ಮಗಳಿಗೂ ಮೊಮ್ಮಗಳಿಗೂ. ವಿಷಯ ಇಷ್ಟೇ: ಒಂದು ತೋಳ ಏನು ಹೇಳಿತು?

ಒಂಬತ್ತು ವರ್ಷದ ಮೊಮ್ಮಗಳು ಹಳೆಯ ‘ಜಂಗಲ್ ಬುಕ್’ ಕಾರ್ಟೂನಿನ ಮೊದಲ ಕಂತು ನೋಡುತ್ತಾ ಕೂತಿದ್ದಳು. ನನ್ನ ವಯಸ್ಸಿನವರಿಗೆ ನೆನಪಿರಬೇಕು, 1993ರಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಬರುತ್ತಿತ್ತಲ್ಲ, ಅದೇ. ಅಡುಗೆಮನೆಯಿಂದ ಮಗಳು ಕೂಗಿದಳು: “ಈಗ ಕೇಳು, ತೋಳಮ್ಮ ಮಗೂನ ಕರೀತಾಳೆ. ‘ಒಳಗೆ ಬಾರೋ ಮರಿ, ಹೊಸಿಲಲ್ಲಿ ಯಾಕೆ ನಿಂತೆ? ಇರೋ ಹಾಲಲ್ಲೇ ಎಲ್ಲರಿಗೂ ಆಗುತ್ತೆ’ ಅಂತಾಳೆ.”

ಮೊಮ್ಮಗಳು ಇಂಗ್ಲಿಷಿನಲ್ಲಿ ಕೇಳಿದಳು. ಅಂಥ ಮಾತಿಲ್ಲ. ಹಿಂದಿಯಲ್ಲಿ ಹಾಕಿದಳು. ಅಲ್ಲೂ ಇಲ್ಲ. “ಗುಹೆಗೆ ಹೊಸಿಲು ಇರುತ್ತಾ ಅಮ್ಮಾ?” ಎಂದು ನಕ್ಕಳು. ಮಗಳು ಬಿಡಲಿಲ್ಲ. “ಇದನ್ನ ಯಾರೋ ಕತ್ತರಿಸಿದ್ದಾರೆ. ನಾನೇ ಕಿವಿಯಾರೆ ಕೇಳಿದ್ದೀನಿ. ಬೇಕಾದರೆ ಅಪ್ಪನ್ನ ಕೇಳು.”

ಅಪ್ಪ ಪೇಪರ್ ಹಿಡಿದುಕೊಂಡು ಸುಮ್ಮನೆ ಕೂತಿದ್ದ.

ಮಕ್ಕಳೇ, ಆ ಕಾರ್ಟೂನು ನಮ್ಮ ಮನೆಗೆ ಬಂದ ದಾರಿ ಸಣ್ಣದಲ್ಲ. ಕತೆ ಬರೆದವರು ಮುಂಬಯಿಯಲ್ಲಿ ಹುಟ್ಟಿದ ಇಂಗ್ಲಿಷ್ ಲೇಖಕ ಕಿಪ್ಲಿಂಗ್. ಪುಸ್ತಕ ಬಂದದ್ದು 1894ರಲ್ಲಿ. ಕತೆಯ ಕಾಡು ಮಧ್ಯಪ್ರದೇಶದ್ದು, ಆದರೆ ಅವರು ಬರೆದದ್ದು ಅಮೆರಿಕದಲ್ಲಿ ಕೂತು. ಸುಮಾರು ನೂರು ವರ್ಷದ ಮೇಲೆ ಜಪಾನಿನ ನಿಪ್ಪಾನ್ ಆನಿಮೇಷನ್‌ನವರು ಅದನ್ನು 52 ಕಂತುಗಳ ಕಾರ್ಟೂನು ಮಾಡಿದರು. 1989ರಲ್ಲಿ ಅಲ್ಲಿನ ಟೀವಿಯಲ್ಲಿ ಶುರುವಾಯಿತು. ಮೊಗ್ಲಿಯ ಕೈಗೆ ಬೂಮರಾಂಗ್ ಕೊಟ್ಟವರು ಇವರೇ. ತೋಳಪ್ಪನಿಗೆ ಅಲೆಕ್ಸಾಂಡರ್ ಎಂದು ಹೆಸರಿಟ್ಟವರೂ ಇವರೇ! ಆಮೇಲೆ ಅದಕ್ಕೆ ಹಿಂದಿಯ ಬಾಯಿ ಬಂತು. ಶೇರ್ ಖಾನ್ ಹುಲಿಗೆ ದನಿ ಕೊಟ್ಟವರು ನಾನಾ ಪಾಟೇಕರ್. ಜಪಾನೀ ಹಾಡನ್ನು ತೆಗೆದು ಗುಲ್ಜಾರ್ ಹೊಸ ಹಾಡು ಬರೆದರು, ವಿಶಾಲ್ ಭಾರದ್ವಾಜ್ ರಾಗ ಹಾಕಿದರು. ಹಿಂದಿಯ ಗಂಧವಿಲ್ಲದ ನಮ್ಮೂರ ಮಕ್ಕಳೂ ಆ ಹಾಡನ್ನು ಬಾಯಿಗೆ ಬಂದಂತೆ ಹಾಡಿಕೊಂಡು ತಿರುಗುತ್ತಿದ್ದರು.

ಆಗ ನಾನು ಸಾಗರದಲ್ಲಿ ಬ್ಯಾಂಕಿನ ಗುಮಾಸ್ತ. ನಮ್ಮದು ಬಾಡಿಗೆ ಮನೆ, ಕಪ್ಪು-ಬಿಳುಪು ಟೀವಿ. ಗಾಳಿ ಬಂದರೆ ಒಬ್ಬರು ಮಾಡು ಹತ್ತಿ ಆಂಟೆನಾ ತಿರುಗಿಸಬೇಕು. ರಾಮಾಯಣದ ಕಾಲದಿಂದ ರೂಢಿಯಾದಂತೆ ಭಾನುವಾರ ಬೆಳಿಗ್ಗೆ ವಠಾರದ ಮಕ್ಕಳೆಲ್ಲ ನಮ್ಮ ಚಾಪೆಯ ಮೇಲೆ. ಅವರಲ್ಲಿ ಒಬ್ಬರಿಗೂ ಹಿಂದಿ ಬಾರದು. ನಾನಾದರೋ ಬ್ಯಾಂಕಿನವರು ಕಳಿಸಿದ್ದಕ್ಕೆ ಹಿಂದಿಯ ಪ್ರಬೋಧ ಪರೀಕ್ಷೆ ಕಟ್ಟಿ ಪಾಸಾಗಿದ್ದೆ. ಖಾತಾ, ಜಮಾ, ನಾಮೆ ಚೆನ್ನಾಗಿ ಬರುತ್ತಿತ್ತು. ಹಾಗಾಗಿ ಕಾರ್ಟೂನಿಗೆ ಕನ್ನಡ ಹೇಳುವ ಕೆಲಸ ನನಗೇ ಬಿತ್ತು.

ಪ್ರಬೋಧದಲ್ಲಿ ಕಾಡುಪ್ರಾಣಿಗಳ ಪಾಠ ಇರಲಿಲ್ಲ. ಮೊದಲ ದಿನ ಗಡ್ಡ ಕೆರೆಯುತ್ತಾ ಒಳಕೋಣೆಯಿಂದಲೇ ಕೇಳಿಸಿಕೊಂಡೆ. ‘ಭೇಡಿಯಾ’ ಅಂದಿತು. ಭೇಡ್ ಅಂದರೆ ಕುರಿ, ಆದ್ದರಿಂದ ಇದೂ ಕುರಿಯೇ ಇರಬೇಕು ಎಂದುಕೊಂಡು, “ಆ ಮಗೂನ ಕುರಿಗಳು ಸಾಕುತ್ತವೆ” ಎಂದು ಘೋಷಿಸಿದೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ, “ಮಾಮ, ಕುರಿಗೆ ಇಷ್ಟುದ್ದ ಹಲ್ಲಾ?” ಅಂದ. ನನ್ನ ಹೆಂಡತಿ ನಗುತ್ತಾ ಬಂದು ಚಾಪೆಯ ತುದಿಯಲ್ಲಿ ಕೂತಳು. “ನೀವು ಹುಲಿ ಮಾತ್ರ ಹೇಳಿ. ಅಮ್ಮನ ಮಾತು ನಾನು ಹೇಳ್ತೀನಿ” ಎಂದಳು. ಅವಳಿಗೆ ನನ್ನಷ್ಟೂ ಹಿಂದಿ ಇರಲಿಲ್ಲ. ‘ತೋಳಮ್ಮ’ ಎಂಬ ಹೆಸರು ಅವಳೇ ಇಟ್ಟದ್ದು.

ಡಬ್ಬಿಂಗ್ ಎಷ್ಟು ಕಷ್ಟ ಅಂತ ಆಗ ತಿಳಿಯಿತು. ಕಾರ್ಟೂನಿನ ಬಾಯಿ ತೆರೆದು ಮುಚ್ಚುವುದು ಜಪಾನೀ ಮಾತಿನ ಅಳತೆಗೆ. ಬೇರೆ ಭಾಷೆಯವರು ಅದೇ ಅಳತೆಗೆ ಮಾತು ಕತ್ತರಿಸಿ ಹೊಲಿಯಬೇಕು. ನಮ್ಮ ಕನ್ನಡವೋ, ಕ್ರಿಯಾಪದ ಕೊನೆಗೆ ಬರುವ ಭಾಷೆ. “ಈ ಮನುಷ್ಯನ ಮರಿಯನ್ನು ನನಗೆ ಒಪ್ಪಿಸದಿದ್ದರೆ...” ಎನ್ನುವಷ್ಟರಲ್ಲಿ ಹುಲಿ ಬಾಯಿ ಮುಚ್ಚಿ ಹೊರಟೇ ಹೋಗಿರುತ್ತಿತ್ತು. “ಮಾಮ, ಹುಲಿ ಸುಮ್ಮನಾಯ್ತು, ನೀವಿನ್ನೂ ಮುಗಿಸಿಲ್ಲ!” ಎಂದು ಮಕ್ಕಳು ಕೂಗುತ್ತಿದ್ದರು. ಬರಬರುತ್ತಾ ನನ್ನ ಶೇರ್ ಖಾನ್ ‘ಕೊಡು’, ‘ನಡಿ’, ‘ನೋಡ್ಕೋತೀನಿ’ ಇಷ್ಟರಲ್ಲೇ ಮುಗಿಸತೊಡಗಿದ.

ಬಘೀರ ಎಂಬ ಕರಿಚಿರತೆಯ ವಿಷಯದಲ್ಲಿ ಮಾತ್ರ ಕನ್ನಡ ನಮ್ಮನ್ನು ಕಾಪಾಡಿತು. ಹಿಂದಿಯಲ್ಲಿ ‘ನಾನು ಬಂದೆ’ ಅಂದರೂ ಹೇಳಿದ್ದು ಗಂಡೋ ಹೆಣ್ಣೋ ಗೊತ್ತಾಗಿಬಿಡುತ್ತದೆ. ಕನ್ನಡದಲ್ಲಿ ಯಾರು ಬಂದರೂ ‘ಬಂದೆ’ಯೇ. ಅರ್ಧ ಮಕ್ಕಳಿಗೆ ಅದು ಬಘೀರಣ್ಣ, ಇನ್ನರ್ಧಕ್ಕೆ ಬಘೀರಕ್ಕ. ವರ್ಷವಾದರೂ ಆ ತಕರಾರು ತೀರಲಿಲ್ಲ.

ಈಗ ಮತ್ತೆ ಆ ಮೊದಲ ಭಾನುವಾರಕ್ಕೆ ಬರುತ್ತೇನೆ. ಇಷ್ಟು ಹೊತ್ತು ತಪ್ಪಿಸಿಕೊಳ್ಳುತ್ತಾ ಬಂದೆ, ನಿಜ.

ಆ ದಿನ ಕೋಣೆ ತುಂಬಿಹೋಗಿತ್ತು. ಹನ್ನೊಂದು ಮಕ್ಕಳು. ಹನ್ನೆರಡನೆಯವನು ಬಾಗಿಲಲ್ಲಿ ಬಂದು ನಿಂತ. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದವರ ಮಗ. ತಾಯಿ ಇರಲಿಲ್ಲ. ವಠಾರದ ಒಬ್ಬಿಬ್ಬರು ದೊಡ್ಡವರಿಗೆ ಅವನು ತಮ್ಮ ಮಕ್ಕಳ ಜೊತೆ ಕೂರುವುದು ಇಷ್ಟವಿಲ್ಲ ಎಂಬುದು ನನಗೆ ಗೊತ್ತಿತ್ತು. ಅವರ ಬಾಯಿಗೆ ಸಿಗುವುದು ಯಾಕೆ ಅನ್ನಿಸಿತು. “ಜಾಗ ಇಲ್ಲ ಕಣೋ, ಮುಂದಿನ ವಾರ ಬಾ” ಅಂದುಬಿಟ್ಟೆ. ಅವನು ಹೋಗಲಿಲ್ಲ, ಒಳಗೂ ಬರಲಿಲ್ಲ. ಚೌಕಟ್ಟು ಹಿಡಿದು ಅಲ್ಲಿಂದಲೇ ನೋಡುತ್ತಾ ನಿಂತ.

ಟೀವಿಯಲ್ಲಿ ತೋಳಮ್ಮ ಬಾಯಿ ತೆರೆಯಿತು. ನನ್ನ ಹೆಂಡತಿ ಟೀವಿ ನೋಡುತ್ತಲೇ ಇರಲಿಲ್ಲ, ಬಾಗಿಲು ನೋಡುತ್ತಿದ್ದಳು. “ಒಳಗೆ ಬಾರೋ ಮರಿ, ಹೊಸಿಲಲ್ಲಿ ಯಾಕೆ ನಿಂತೆ? ಇರೋ ಹಾಲಲ್ಲೇ ಎಲ್ಲರಿಗೂ ಆಗುತ್ತೆ” ಅಂದಳು.

ಉಳಿದ ಹನ್ನೊಂದು ಮಕ್ಕಳಿಗೆ ಅದು ತೋಳದ ಮಾತು. ಅವನಿಗೆ ಮಾತ್ರ ಅರ್ಥವಾಯಿತು. ನನಗೂ ಆಯಿತು. ನಾನು ಎದ್ದು ಜಾಗ ಬಿಟ್ಟೆ. ಅವನು ಬಂದು ಕೂತ. ಕಾರ್ಟೂನು ಮುಗಿದ ಮೇಲೆ ಹನ್ನೆರಡು ಲೋಟಗಳಲ್ಲಿ ಗುಟುಕು ಗುಟುಕು ಬೆಲ್ಲದ ಹಾಲು ಬಂತು. ಮನೆಯಲ್ಲಿ ಇದ್ದದ್ದು ಅರ್ಧ ಲೀಟರ್. ಆ ದಿನ ಮಧ್ಯಾಹ್ನ ನನಗೆ ಕಾಫಿ ಇಲ್ಲ. ನಾನು ಕೇಳಲೂ ಇಲ್ಲ.

ನಮಗೆ ವರ್ಗವಾಗುವ ತನಕ ಅವನು ಬರುತ್ತಲೇ ಇದ್ದ, ಬೀರುವಿನ ಪಕ್ಕದ ಜಾಗ ಅವನದೇ ಆಗಿತ್ತು. ಅವನನ್ನು ತಡೆದದ್ದನ್ನು ನಾನು ಮಗಳಿಗೆ ಯಾವತ್ತೂ ಹೇಳಿರಲಿಲ್ಲ. ಆ ಬೇಸಿಗೆಯ ದಿನ ಪೇಪರ್ ಮಡಿಸಿಟ್ಟು ಹೇಳಿದೆ. ಹೆಂಡತಿ ತೀರಿಕೊಂಡು ಆರು ವರ್ಷ. ಅವಳ ಫೋಟೋಗಳಿವೆ, ದನಿ ಎಲ್ಲೂ ಇಲ್ಲ. ಮಗಳು ಒಗ್ಗರಣೆ ಸೌಟು ಹಿಡಿದುಕೊಂಡೇ ಕೂತಳು. “ಹಾಗಾದರೆ ನಾನು ಇಷ್ಟು ವರ್ಷ ನೆನಪಿಟ್ಟುಕೊಂಡದ್ದು ಅಮ್ಮನ ದನೀನಾ?” ಅಂದಳು.

ಸಂಜೆ ಅಳಿಯ ಎಲ್ಲಿಂದಲೋ ರಷ್ಯನ್ನರ ಮೊಗ್ಲಿಯನ್ನು ಹುಡುಕಿ ತಂದ. ಸೋವಿಯತ್ ಕಾಲದ್ದು, ರೋಮನ್ ದವೀದೋವ್ 1967ರಿಂದ 1971ರವರೆಗೆ ಐದು ಭಾಗಗಳಲ್ಲಿ ಮಾಡಿದ್ದು. ಅದರಲ್ಲಿ ಬಘೀರ ಹೆಣ್ಣು! ಸಾಗರದ ಅರ್ಧ ಮಕ್ಕಳು ಗೆದ್ದಂತಾಯಿತು. ಮೊದಲ ಭಾಗದ ಹೆಸರೇ ತಾಯಿತೋಳದ್ದು, ‘ರಕ್ಷಾ’. ಕಿಪ್ಲಿಂಗ್ ಕೊಟ್ಟ ಹೆಸರೇ ಅದು, ಅವರ ಪ್ರಕಾರ ಅದರ ಅರ್ಥ ರಾಕ್ಷಸಿ. ನಮ್ಮ ಕಿವಿಗೆ ಕೇಳಿಸುವುದು ರಕ್ಷೆ. ಯಾವುದು ಸರಿ ಅಜ್ಜಾ ಎಂದು ಮೊಮ್ಮಗಳು ಕೇಳಿದಳು. ನಾನು ಯೋಚಿಸುವ ಮೊದಲೇ, “ಎರಡೂ ಇರಬಹುದು, ಅಮ್ಮನ ಥರ” ಎಂದು ಅಡುಗೆಮನೆ ಕಡೆ ನೋಡಿದಳು.

ಮಾರನೇ ದಿನ ಅವಳದೇ ಹಟ. ಜಪಾನಿನ ಕಂತಿನ ದನಿ ಆರಿಸಿ, ಫೋನಿನಲ್ಲಿ ನಮ್ಮ ಕನ್ನಡ ರೆಕಾರ್ಡ್ ಮಾಡಬೇಕು. ನಾನು ಹುಲಿ, ಅವಳು ಮಿಕ್ಕ ಎಲ್ಲ ಪ್ರಾಣಿ, ಮಗಳು ತೋಳಮ್ಮ. ಮೂರು ಸಲ ಕೆಟ್ಟಿತು. ಒಂದು ಸಲ ಕುಕ್ಕರ್ ಕೂಗಿತು, ಎರಡು ಸಲ ಮಗಳಿಗೆ ಗಂಟಲು ಕಟ್ಟಿತು. ನಾಲ್ಕನೇ ಸಲ ಅವಳು ಪೂರ್ತಿ ಹೇಳಿದಳು, ಬಾಗಿಲ ಕಡೆ ನೋಡುತ್ತಾ.

“ಅಮ್ಮಾ, ತೋಳ ಯಾವಾಗಲೋ ಬಾಯಿ ಮುಚ್ಚಿತು” ಅಂದಳು ಮೊಮ್ಮಗಳು. “ಇರಲಿ ಬಿಡು ಪುಟ್ಟಿ, ನಿನ್ನ ಅಜ್ಜಿದೂ ಅಷ್ಟೇ ಉದ್ದ ಇತ್ತು” ಅಂದೆ.