ಸೊನ್ನೆ ಎಲ್ಲಿದೆ?

ಕಳೆದ ಸೆಮಿಸ್ಟರ್ ರಜೆಯಲ್ಲಿ ಅಟ್ಟದ ಮೇಲಿಂದ ಅಪ್ಪನ ಹಳೇ ಫಿಲ್ಮ್ ಕ್ಯಾಮೆರಾ ಇಳಿಸಿದೆ. 50 ಎಂಎಂ ಲೆನ್ಸ್ ಚೆನ್ನಾಗೇ ಇತ್ತು. ಆದರೆ ವ್ಯೂಫೈಂಡರ್‌ಗೆ ಫಂಗಸ್ ಹಿಡಿದು ಎಲ್ಲಾ ಮಂಜು ಮಂಜು. ಪರವಾಗಿಲ್ಲ, ಫೋಕಸ್ ರಿಂಗ್ ಮೇಲೆ ದೂರದ ಅಂಕಿಗಳಿವೆಯಲ್ಲ! ಇಂಜಿನಿಯರಿಂಗ್ ಓದೋನಿಗೆ ಟೇಪ್ ಒಂದಿದ್ರೆ ಸಾಕು ಅಂದುಕೊಂಡೆ.

ಜಗಲಿಯಲ್ಲಿ ಅಜ್ಜಿ ಕನ್ನಡಕ ತೆಗೆದಿಟ್ಟು, ಸೂಜಿಯನ್ನು ಮುಖದ ಹತ್ತಿರ ಹಿಡಿದು ದಾರ ಪೋಣಿಸ್ತಿದ್ರು. ಕ್ಯಾಮೆರಾನ ಸ್ಟೂಲ್ ಮೇಲಿಟ್ಟು, ಲೆನ್ಸಿನ ಮುಂತುದಿಯಿಂದ ಅವರ ಕಣ್ಣಿನವರೆಗೆ ಅಳೆದೆ. ಸರಿಯಾಗಿ ಅರ್ಧ ಮೀಟರ್. ರಿಂಗನ್ನು 0.5ಕ್ಕೆ ತಿರುಗಿಸಿದೆ. ಬೆಳಕು ಕಮ್ಮಿ ಅಂತ ಅಪರ್ಚರ್ ಎಫ್ 1.8. ರೋಲಿನ ಕೊನೇ ಫ್ರೇಮ್. ಕ್ಲಿಕ್.

ರೋಲ್ ತೊಳೆಸಿ ತಂದರೆ ಅಜ್ಜಿಯ ಮುಖ ಪೂರ್ತಿ ಮಸುಕು. ಸೂಜಿ ಮಾತ್ರ ಕಣ್ಣಿಗೆ ಚುಚ್ಚೋ ಹಾಗಿದೆ. "ನನ್ ಕಣ್ಣಿಗೇ ಕಾಣ್ದಿದ್ ಸೂಜಿ ಎಷ್ಟ್ ಚೆನ್ನಾಗ್ ಬಂದಿದ್ಯೋ!" ಅಂತ ಅಜ್ಜಿ ನಕ್ಕರು.

ಲೆನ್ಸಿನ ಅಂಕಿ ಸುಳ್ಳು ಹೇಳಿರಲಿಲ್ಲ. ಆ ದೂರವನ್ನು ಎಣಿಸೋದು ಲೆನ್ಸಿನ ತುದಿಯಿಂದಲ್ಲ, ಒಳಗಿನ ಫಿಲ್ಮ್‌ನಿಂದ. ಡಿಜಿಟಲ್ ಆದರೆ ಸೆನ್ಸರ್‌ನಿಂದ. ಅದರ ಗುರುತು ಕ್ಯಾಮೆರಾ ಮೇಲ್ಭಾಗದಲ್ಲೇ ಇತ್ತು: ಒಂದು ಸಣ್ಣ ಸೊನ್ನೆ, ಅದರ ಮೇಲೊಂದು ಅಡ್ಡಗೆರೆ. ನಾನು ಅದನ್ನು ಡಿಸೈನ್ ಅಂದುಕೊಂಡಿದ್ದೆ! ಫಿಲ್ಮ್‌ನಿಂದ ಲೆನ್ಸ್ ತುದಿಗೆ ಸುಮಾರು 8 ಸೆಂಟಿಮೀಟರ್. ಅಂದರೆ ಫೋಕಸ್ ಅಜ್ಜಿಯ ಮುಖಕ್ಕಿಂತ ಅಷ್ಟು ಮುಂದೆ, ನೇರವಾಗಿ ಸೂಜಿ ಮೇಲೆ ನಿಂತಿತ್ತು. ಆ ದೂರದಲ್ಲಿ, ಎಫ್ 1.8ರಲ್ಲಿ, ಸ್ಪಷ್ಟವಾಗಿ ಕಾಣೋ ಆಳ ಒಂದು ಸೆಂಟಿಮೀಟರ್ ಕೂಡ ಇರಲ್ಲ.

ಆಮೇಲೆ ರಿಂಗನ್ನು ಸರಿಯಾಗಿ ನೋಡಿದೆ. ಹತ್ತಿರದ ಅಂಕಿಗಳ ನಡುವೆ ಧಾರಾಳ ಜಾಗ, 10 ಮೀಟರ್ ಆದಮೇಲೆ ಥಟ್ಟನೆ ಇನ್ಫಿನಿಟಿ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಲೆನ್ಸ್ ಸೂತ್ರಕ್ಕೆ ಅಂಕಿ ಹಾಕಿ ನೋಡಿ. ಇನ್ಫಿನಿಟಿಯಿಂದ 10 ಮೀಟರ್‌ಗೆ ಬರೋಕೆ 50 ಎಂಎಂ ಲೆನ್ಸ್ ಬರೀ ಕಾಲು ಮಿಲಿಮೀಟರ್ ಮುಂದೆ ಸರಿದರೆ ಸಾಕು. 1 ಮೀಟರ್‌ನಿಂದ ಅರ್ಧ ಮೀಟರ್‌ಗೆ ಬರೋಕೆ ಸುಮಾರು ಮೂರೂವರೆ ಮಿಲಿಮೀಟರ್ ಬೇಕು. ದೂರದ ಬೆಟ್ಟ ನಮ್ಮ ತಪ್ಪನ್ನು ಕ್ಷಮಿಸುತ್ತೆ, ಹತ್ತಿರದ ಮುಖ ಕ್ಷಮಿಸಲ್ಲ.

ಈಗ ಲ್ಯಾಬಲ್ಲಿ ಯಾವ ರೀಡಿಂಗ್ ತಗೊಂಡರೂ ಮೊದಲು ಸೊನ್ನೆ ಎಲ್ಲಿದೆ ಅಂತ ಹುಡುಕ್ತೀನಿ.

ಅಜ್ಜಿಗೆ ಮೊನ್ನೆ ಪೊರೆ ಆಪರೇಷನ್ ಆಯ್ತು. ಈಗ ಸೂಜಿಯನ್ನು ಅಷ್ಟು ಹತ್ತಿರ ಹಿಡಿಯಲ್ಲ. ಆ ಫೋಟೋ ಇನ್ನೊಮ್ಮೆ ತೆಗೆಯೋಕೆ ಆಗಲ್ಲ.