ಬಲವೂ ನ್ಯಾಯವೂ

ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ರೀತಿಗೆ ಪ್ರಾಚೀನ ಭಾರತದ ನೀತಿಶಾಸ್ತ್ರಜ್ಞರು ಮತ್ಸ್ಯನ್ಯಾಯವೆಂದು ಹೆಸರಿಟ್ಟು, ಅದನ್ನು ತಡೆಯುವುದೇ ರಾಜಧರ್ಮವೆಂದರು. ಆದರೆ ರಾಜ್ಯ ರಾಜ್ಯಗಳ ನಡುವೆ ಅದನ್ನು ತಡೆಯುವವರಾರು?

ಕ್ರಿ.ಪೂ. 416ರಲ್ಲಿ ಗ್ರೀಸ್ ದೇಶದ ಅಥೆನ್ಸ್ ನಗರವು ಮೆಲೋಸ್ ಎಂಬ ಚಿಕ್ಕ ದ್ವೀಪಕ್ಕೆ ನೌಕಾಸೈನ್ಯವನ್ನು ಕಳುಹಿಸಿ, ಶರಣಾಗಬೇಕೆಂದು ಕೇಳಿತು. ಅಲ್ಲಿ ನಡೆದ ವಾದವನ್ನು ಇತಿಹಾಸಕಾರನಾದ ಥ್ಯುಸಿಡಿಡೀಸನು ನಿರೂಪಿಸಿದ್ದಾನೆ. ನ್ಯಾಯದ ಮಾತು ಸಮಬಲರಲ್ಲಿ ಮಾತ್ರ ಸಲ್ಲುವುದೆಂಬುದು ಅಥೆನ್ಸಿನವರ ಪಕ್ಷ. ನ್ಯಾಯವು ಸರ್ವರಿಗೂ ಸೇರಿದ ಸೊತ್ತು, ಮುಂದೆ ನೀವು ಬಿದ್ದಾಗ ಅದು ನಿಮಗೂ ಬೇಕಾದೀತೆಂಬುದು ದ್ವೀಪದವರ ಉತ್ತರ. ಕಡೆಗೆ ಮೆಲೋಸ್ ಸೋತಿತು; ಕೈಗೆ ಸಿಕ್ಕಿದ ಪ್ರಾಯದ ಗಂಡಸರು ವಧೆಗೊಂಡರು; ಹೆಂಗಸರೂ ಮಕ್ಕಳೂ ದಾಸ್ಯಕ್ಕೆ ಮಾರಲ್ಪಟ್ಟರು.

ಕ್ರಿ.ಪೂ. 405ರಲ್ಲಿ ಸ್ಪಾರ್ಟದವರು ಅಥೆನ್ಸಿನ ನೌಕಾಬಲವನ್ನು ನಾಶಮಾಡಿದರು. ಸುದ್ದಿ ಬಂದ ರಾತ್ರಿ ನಗರದಲ್ಲಿ ಯಾರೂ ನಿದ್ರಿಸಲಿಲ್ಲವೆಂದು ಕ್ಸೆನೊಫನ್ ಬರೆದಿದ್ದಾನೆ. ತಾವು ಮೆಲೋಸಿಗೆ ಮಾಡಿದುದು ತಮಗೂ ಆದೀತೆಂಬುದೇ ಅವರ ಭಯ. ಮರುವರ್ಷ ಶರಣಾದ ಅಥೆನ್ಸ್ ಉಳಿದುದು ಬಲದಿಂದಲ್ಲ. ಅದನ್ನು ನಿರ್ನಾಮಮಾಡಬೇಕೆಂದು ಮಿತ್ರರು ಒತ್ತಾಯಿಸಿದರೂ ಸ್ಪಾರ್ಟದವರು ಒಪ್ಪಲಿಲ್ಲವಾದುದರಿಂದ.

ದುರ್ಬಲರ ನ್ಯಾಯವಾದವನ್ನು ಬರಿಯ ಮೊರೆಯೆಂದು ತಳ್ಳಿಹಾಕುವ ರಾಜನೀತಿಜ್ಞರು ಎಲ್ಲ ಕಾಲದಲ್ಲಿಯೂ ಉಂಟು. ಆದರೆ ಮೆಲೋಸಿನವರು ಮುಂದಿಟ್ಟುದು ಮೊರೆಯಲ್ಲ, ಲೆಕ್ಕ: ಬಲವು ಯಾರಲ್ಲಿಯೂ ಸ್ಥಿರವಾಗಿ ನಿಲ್ಲದು. ಆ ಲೆಕ್ಕವು ತಪ್ಪಲಿಲ್ಲ.